ಮೊನಾಪ್ಸನಿ: ಕೊಳ್ಳುವವ ಒಬ್ಬ, ಜೊತೆಗೊಂದು ಮೀನು – ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಗಡಿ ಭಾಗದಲ್ಲಿ ಪ್ಲಸ್ ಟು ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುವುದು ನನ್ನ ಕೆಲಸ. ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ಕನ್ನಡದಲ್ಲಿ, ಮಕ್ಕಳ ಜಗಳ ತುಳುವಿನಲ್ಲಿ, ಬಸ್ಸಿನ ಕಂಡಕ್ಟರ್ ಹತ್ತಿರ ಮಲಯಾಳ. ನಾಲ್ಕು ಭಾಷೆ ನಿಭಾಯಿಸುವ ಈ ಮಕ್ಕಳು ಮಾರುಕಟ್ಟೆಯ ಪಾಠಕ್ಕೆ ಬಂದಾಗ ಒಂದು ಪದದ ಮುಂದೆ ಮಾತ್ರ ನಿಂತುಬಿಡುತ್ತಾರೆ. ಮೊನಾಪ್ಸನಿ. ವರ್ಷ ವರ್ಷ ಬಂದ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ. ಕೆಲವು ಮಕ್ಕಳದ್ದು, ಕೆಲವು ಅವರ ಅಪ್ಪಂದಿರದ್ದು.

ಮೊನಾಪ್ಸನಿ ಅಂದರೆ ಏನು, ಒಂದೇ ಮಾತಿನಲ್ಲಿ ಹೇಳಿ.

ಮಾರುವವರು ತುಂಬ ಜನ, ಕೊಳ್ಳುವವ ಒಬ್ಬನೇ. ಅಂಥ ಮಾರುಕಟ್ಟೆಗೆ ಆ ಹೆಸರು. ಮೊನಾಪಲಿ ಇದರ ಕನ್ನಡಿ: ಅಲ್ಲಿ ಮಾರುವವ ಒಬ್ಬ, ಕೊಳ್ಳುವವರು ಊರೆಲ್ಲ.

ಈ ಪದ ಎಲ್ಲಿಂದ ಬಂತು? ಯಾರು ಮಾಡಿದ್ದು?

ಹೆಚ್ಚಿನ ಪದಗಳಿಗೆ ಅಪ್ಪ ಅಮ್ಮ ಯಾರು ಅಂತ ಗೊತ್ತಿರುವುದಿಲ್ಲ. ಇದಕ್ಕೆ ಇಬ್ಬರೂ ಗೊತ್ತು, ಹುಟ್ಟಿದ ಊರೂ ಗೊತ್ತು. ಊರು ಇಂಗ್ಲೆಂಡಿನ ಕೇಂಬ್ರಿಡ್ಜ್. ಜೋನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞೆ ಅಪೂರ್ಣ ಪೈಪೋಟಿಯ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು. 1933ರಲ್ಲಿ ಅದು ಅಚ್ಚಾಯಿತು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಒಬ್ಬನೇ ಮಾರುವವನಿಗೆ ಮೊನಾಪಲಿ ಎಂಬ ಹಳೆಯ ಪದ ಇತ್ತು. ಒಬ್ಬನೇ ಕೊಳ್ಳುವವನಿಗೆ ಏನೂ ಇರಲಿಲ್ಲ. ಗ್ರೀಕ್ ಗೊತ್ತಿದ್ದವರನ್ನು ಕೇಳಿದರು. ಪೀಟರ್‌ಹೌಸ್ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಓದಿಸುತ್ತಿದ್ದ ಬಿ. ಎಲ್. ಹಾಲ್‌ವರ್ಡ್ ಈ ಪದ ಕಟ್ಟಿಕೊಟ್ಟರು. ರಾಬಿನ್ಸನ್ ಪುಸ್ತಕದಲ್ಲಿ ಅವರ ಹೆಸರು ಹೇಳಿ ಋಣ ತೀರಿಸಿದ್ದಾರೆ.

ಹಾಲ್‌ವರ್ಡ್ ಮುಂದೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 1901ರಲ್ಲಿ ಹುಟ್ಟಿದವರು 2003ರವರೆಗೆ ಬದುಕಿದರು. ನೂರು ದಾಟಿದ ಬಾಳಿನಲ್ಲಿ ಲೋಕದ ಪಠ್ಯಪುಸ್ತಕಗಳಿಗೆಲ್ಲ ಹೋಗಿ ಕೂತದ್ದು ಅವರು ಕೊಟ್ಟ ಈ ಒಂದು ಪದ.

ಬಿಡಿಸಿ ಹೇಳಿದರೆ?

ಗ್ರೀಕಿನಲ್ಲಿ ಮೋನೊಸ್ ಅಂದರೆ ಒಬ್ಬ, ಒಂಟಿ. ಒಪ್ಸೋನೈನ್ ಅಂದರೆ ಒಪ್ಸೊನ್ ಕೊಳ್ಳುವುದು, ಪೇಟೆಗೆ ಹೋಗಿ ಅಡುಗೆಗೆ ಬೇಕಾದ್ದನ್ನು ತರುವುದು. ಎರಡನ್ನೂ ಸೇರಿಸಿದರೆ ಮೊನಾಪ್ಸನಿ.

ಹಾಗಾದರೆ ಒಪ್ಸೊನ್ ಅಂದರೆ ಏನು ಎಂಬ ಪ್ರಶ್ನೆ ಉಳಿಯಿತು. ರುಚಿ ಇರುವುದೇ ಅಲ್ಲಿ.

ಒಪ್ಸೊನ್ ಅಂದರೆ ಮೀನೋ, ಬೇರೆ ಏನಾದರೂ ಇದೆಯೋ?

ಇದನ್ನು ಬೆಂಗಳೂರಿನವರಿಗೆ ವಿವರಿಸುವುದಕ್ಕಿಂತ ನಮ್ಮ ಮಕ್ಕಳಿಗೆ ವಿವರಿಸುವುದು ಸುಲಭ. ನಮ್ಮ ಕಡೆ ಮಧ್ಯಾಹ್ನ ಯಾರಾದರೂ ಸಿಕ್ಕಿದರೆ ಕೇಳುವುದು ಏನು? "ಇವತ್ತು ಎಂತ ಪದಾರ್ಥ?" ಅಂತ. ಊಟ ಆಯ್ತಾ ಅಂತಲೂ ಕೇಳುತ್ತೇವೆ, ಆದರೆ ಕುತೂಹಲ ಇರುವುದು ಪದಾರ್ಥದ ಬಗ್ಗೆ. ಅನ್ನ ಹೇಗೂ ಇದ್ದೇ ಇರುತ್ತದೆ. ಅದನ್ನು ಇಳಿಸುವುದಕ್ಕೆ ಜೊತೆಗೆ ಏನು ಎಂಬುದೇ ಪ್ರಶ್ನೆ. ತುಳುವಿನಲ್ಲಿ ಅದು ಕಜಿಪು. ಹವ್ಯಕರ ಮನೆಯಲ್ಲಿ ಬೆಂದಿ. ಮಲಯಾಳದಲ್ಲಿ ಕರಿ. ಘಟ್ಟದ ಮೇಲಿನ ಗೆಳೆಯನೊಬ್ಬನಿಗೆ ನಾನು "ಪದಾರ್ಥ ಚೆನ್ನಾಗಿತ್ತು" ಎಂದು ಹೇಳಿದಾಗ ಅವನು ವಿಜ್ಞಾನದ ಪಾಠ ಎಂದುಕೊಂಡಿದ್ದ.

ಹಳೆಯ ಗ್ರೀಕರಲ್ಲೂ ಊಟಕ್ಕೆ ಇದೇ ವಿಂಗಡಣೆ. ಸೀತೋಸ್ ಅಂದರೆ ಹೊಟ್ಟೆ ತುಂಬಿಸುವ ಧಾನ್ಯ, ಅವರಿಗೆ ಬಾರ್ಲಿ ಮತ್ತು ಗೋಧಿ ರೊಟ್ಟಿ. ಒಪ್ಸೊನ್ ಅಂದರೆ ಅದರ ಜೊತೆಗಿನದು. ಆಲಿವ್ ಇರಬಹುದು, ಗಿಣ್ಣು (ಚೀಸ್) ಇರಬಹುದು, ಮಾಂಸ ಇರಬಹುದು. ಅಥೆನ್ಸಿನವರಿಗೆ ಮೀನಿನ ಹುಚ್ಚು ಎಷ್ಟಿತ್ತೆಂದರೆ ಬರಬರುತ್ತಾ ಒಪ್ಸೊನ್ ಎಂದರೆ ಮೀನು ಎಂದೇ ಆಗಿಬಿಟ್ಟಿತು. ಈಗಿನ ಗ್ರೀಕಿನಲ್ಲಿ ಮೀನಿಗೆ ಪ್ಸಾರಿ ಎನ್ನುತ್ತಾರೆ. ಅದು ಒಪ್ಸಾರಿಯೊನ್ ಎಂಬ ರೂಪ ಸವೆದು ಉಳಿದದ್ದು. ಬೈಬಲ್ಲಿನಲ್ಲಿ ಐದು ರೊಟ್ಟಿ ಎರಡು ಮೀನಿನಿಂದ ಸಾವಿರಾರು ಜನ ಉಂಡ ಕತೆ ಇದೆಯಲ್ಲ, ಯೋಹಾನನ ಸುವಾರ್ತೆಯ ಗ್ರೀಕಿನಲ್ಲಿ ಆ ಎರಡು ಮೀನಿಗೆ ಇರುವ ಪದ ಇದೇ ಒಪ್ಸಾರಿಯೊನ್.

ಸಾಕ್ರಟಿಸನ ಒಂದು ಕತೆಯನ್ನು ಅವನ ಶಿಷ್ಯ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಪಂಕ್ತಿಯಲ್ಲಿ ಒಬ್ಬ ಹುಡುಗ ರೊಟ್ಟಿ ಬಿಟ್ಟು ಬರೀ ಒಪ್ಸೊನ್ ತಿನ್ನುತ್ತಿದ್ದ. ಇಂಥವನಿಗೆ ಏನು ಹೆಸರು ಎಂದು ಸಾಕ್ರಟಿಸ್ ಎಲ್ಲರೆದುರು ಚರ್ಚೆ ತೆಗೆದ. ಹುಡುಗನಿಗೆ ನಾಚಿಕೆಯಾಗಿ ಒಂದು ರೊಟ್ಟಿ ಎತ್ತಿಕೊಂಡ. ಸಾಕ್ರಟಿಸ್ ಅಷ್ಟಕ್ಕೂ ಬಿಡಲಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳಿದ: ಸ್ವಲ್ಪ ನೋಡಿಕೊಳ್ಳಿ, ಇವನು ರೊಟ್ಟಿಗೆ ಒಪ್ಸೊನ್ ನೆಂಚಿಕೊಳ್ಳುತ್ತಾನೋ, ಒಪ್ಸೊನ್‌ಗೆ ರೊಟ್ಟಿ ನೆಂಚಿಕೊಳ್ಳುತ್ತಾನೋ ಎಂದು. ಅನ್ನ ಬದಿಗೆ ಸರಿಸಿ ಹುರಿದ ಬಂಗುಡೆ ಮಾತ್ರ ಖಾಲಿ ಮಾಡುವ ಮಕ್ಕಳು ಯಾವ ಮನೆಯಲ್ಲಿಲ್ಲ ಹೇಳಿ. ಅಂಥವರಿಗೆ ಅಥೆನ್ಸಿನಲ್ಲಿ ಒಪ್ಸೊಫಾಗೊಸ್ ಎಂಬ ಬೈಗುಳವೇ ಇತ್ತು.

ಹಾಗಾದರೆ ಮೊನಾಪ್ಸನಿ ಅಂದರೆ "ಒಬ್ಬನೇ ಮೀನು ತರಲು ಹೋದ" ಅಂತಲಾ? ಪದವೇ ತಪ್ಪಲ್ವಾ ಮಾಷ್ಟ್ರೇ?

ಕಟ್ಟುನಿಟ್ಟಾಗಿ ನೋಡಿದರೆ ಹೌದು, ಸ್ವಲ್ಪ ಎಡವಟ್ಟು. ಒಪ್ಸೋನೈನ್ ಎಂಬುದರ ಒಳಗೇ ಎರಡು ತುಂಡು ಇದೆ. ಒಪ್ಸೊನ್ ಎಂಬುದು ಪದಾರ್ಥ. ಓನೆಯೊಮಾಯಿ ಎಂಬುದು ಕೊಳ್ಳುವ ಕ್ರಿಯೆ. ಮೊನಾಪ್ಸನಿಯಲ್ಲಿ "ಕೊಳ್ಳುವುದು" ಇರುವುದು ಕೊನೆಯ "ಅನಿ"ಯಲ್ಲಿ ಮಾತ್ರ. ನಡುವಿನ "ಒಪ್ಸ್" ಸುಮ್ನೆ ಕೂತ ಮೀನು. ಮೀನು ತೆಗೆದು ಶುದ್ಧವಾಗಿ ಕಟ್ಟಿದರೆ "ಮೊನೋನಿ" ಅಂತ ಏನೋ ಆಗುತ್ತಿತ್ತು. ಕೇಳುವುದಕ್ಕೆ ಮಗು ತೊದಲಿದ ಹಾಗೆ. ಮೊನಾಪಲಿಯ ಪಕ್ಕದಲ್ಲಿ ಜೋಡಿಯಾಗಿ ನಿಲ್ಲುವ ತೂಕ ಅದಕ್ಕಿಲ್ಲ. ಮೀನು ಇದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಲೆಕ್ಕ.

ಇನ್ನೊಂದು ಕಾರಣಕ್ಕೂ ನನಗೆ ಈ ಮೀನಿನ ಮೇಲೆ ಪ್ರೀತಿ. ಅಕ್ಷರಶಃ ಮೊನಾಪ್ಸನಿಯನ್ನು ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಜಗಲಿಯಲ್ಲೇ ನೋಡಿದ್ದೇನೆ. ಮೀನು ಮಾರುವ ಚೇಚಿ (ಮಲಯಾಳದಲ್ಲಿ ಅಕ್ಕ) ಬೆಳಿಗ್ಗೆ ಕಡಲ ಕರೆಯಿಂದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ರಸ್ತೆ ಬದಿಯ ಮನೆಗಳನ್ನೆಲ್ಲ ಮುಗಿಸಿ ನಮ್ಮ ಗುಡ್ಡ ಹತ್ತುವಾಗ ಗಂಟೆ ಒಂದು. ಬುಟ್ಟಿಯ ತಳದಲ್ಲಿ ಹತ್ತು ಹನ್ನೆರಡು ಭೂತಾಯಿ ಮೀನು, ಮೇಲೆ ಒಂದು ಹಿಡಿ ಕರಗುತ್ತಿರುವ ಐಸು. ನಮ್ಮಿಂದ ಆಚೆ ಮನೆ ಇಲ್ಲ, ಬರೀ ಗೇರು ಗುಡ್ಡೆ. ಅಮ್ಮ ಜಗಲಿಯಿಂದ ಇಳಿಯುವುದೇ ಇಲ್ಲ. "ಬೇಡ ಚೇಚಿ, ಇವತ್ತು ಬಸಳೆ ಉಂಟು" ಎಂದು ಹೇಳುವರು. ಚೇಚಿ ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡು ಒಂದು ಬೆಲೆ ಹೇಳುವರು. ಅಮ್ಮ ಅರ್ಧ ಹೇಳುವರು. ಇಬ್ಬರಿಗೂ ಗೊತ್ತು, ಆ ಮೀನು ಸಂಜೆಯವರೆಗೆ ಉಳಿಯುವುದಿಲ್ಲ, ಚೇಚಿಗೆ ಬೇರೆ ಗಿರಾಕಿಯೂ ಇಲ್ಲ. ಕೊನೆಗೆ ಅಮ್ಮ ಹೇಳಿದ ಬೆಲೆಗೇ ಮೀನು ಮಣ್ಣಿನ ಚಟ್ಟಿಗೆ ಬೀಳುತ್ತಿತ್ತು. ಅದೇ ಚೇಚಿ ಬೆಳಿಗ್ಗೆ ಎಂಟಕ್ಕೆ ರಸ್ತೆ ಬದಿಯಲ್ಲಿ ಸಿಕ್ಕಿದ್ದರೆ ಅಮ್ಮನ ಆಟ ನಡೆಯುತ್ತಿರಲಿಲ್ಲ. ಹಾಲ್‌ವರ್ಡ್ ಅವರಿಗೆ ತೋರಿಸಬೇಕಾಗಿದ್ದ ದೃಶ್ಯ.

ಮೊನಾಪಲಿ ಎಂಬುದು ಎಷ್ಟು ಹಳೆಯ ಪದ?

ತುಂಬ ಹಳೆಯದು. ಪೋಲೈನ್ ಅಂದರೆ ಮಾರುವುದು. ಅರಿಸ್ಟಾಟಲ್ ರಾಜ್ಯಶಾಸ್ತ್ರದ ಬಗ್ಗೆ ಬರೆಯುವಾಗಲೇ ಮೊನೊಪೋಲಿಯ ಎಂಬ ಪದ ಬಳಸಿದ್ದಾನೆ. ಅಲ್ಲಿ ಥೇಲೀಸ್ ಎಂಬ ಜ್ಞಾನಿಯ ಕತೆ ಬರುತ್ತದೆ. ನಕ್ಷತ್ರ ನೋಡಿ ಮುಂದಿನ ವರ್ಷ ಆಲಿವ್ ಬೆಳೆ ಜೋರು ಎಂದು ಥೇಲೀಸ್ ಲೆಕ್ಕ ಹಾಕಿದ. ಚಳಿಗಾಲದಲ್ಲೇ ಮಿಲೇಟಸ್ ಮತ್ತು ಕಿಯೋಸ್‌ನ ಎಣ್ಣೆ ಗಾಣಗಳನ್ನೆಲ್ಲ ಅಗ್ಗದ ಮುಂಗಡಕ್ಕೆ ಹಿಡಿದಿಟ್ಟುಕೊಂಡ. ಬೆಳೆ ಬಂದಾಗ ಎಲ್ಲರಿಗೂ ಗಾಣ ಬೇಕಾಯಿತು. ಬೇಕಾದ ಬಾಡಿಗೆಗೆ ಕೊಟ್ಟ.

ಇದನ್ನು ಮೊನಾಪಲಿಯ ಮೊದಲ ಕತೆ ಎಂದು ಎಲ್ಲ ಕಡೆ ಹೇಳುತ್ತಾರೆ. ಆದರೆ ಕತೆಯ ಮೊದಲರ್ಧ ನೋಡಿ. ಚಳಿಗಾಲದಲ್ಲಿ ಗಾಣ ಕೇಳಲು ಥೇಲೀಸ್ ಒಬ್ಬನೇ ಬಂದದ್ದು. ಪೈಪೋಟಿಗೆ ಬೇರೆ ಯಾರೂ ಇರಲಿಲ್ಲ, ಅದಕ್ಕೇ ಅಗ್ಗಕ್ಕೆ ಸಿಕ್ಕಿತು ಎಂದು ಅರಿಸ್ಟಾಟಲನೇ ಹೇಳುತ್ತಾನೆ. ಅಂದರೆ ಥೇಲೀಸ್ ಮೊದಲು ಮೊನಾಪ್ಸನಿ ನಡೆಸಿದ, ಆಮೇಲೆ ಮೊನಾಪಲಿ. ಎರಡನೆಯದಕ್ಕೆ ಆಗಲೇ ಹೆಸರು ಸಿಕ್ಕಿತು. ಮೊದಲನೆಯದು ಎರಡು ಸಾವಿರದ ಮುನ್ನೂರು ವರ್ಷ ಹೆಸರಿಲ್ಲದೆ ಕಾಯಿತು. ಮಾರುವವನ ಕೈಯಲ್ಲಿ ಪೆಟ್ಟು ತಿಂದವರು ಪೇಟೆಯಲ್ಲಿ ಕೂಗಾಡುತ್ತಾರೆ, ಪಂಡಿತರ ಕಿವಿಗೂ ಬೀಳುತ್ತದೆ. ಕೊಳ್ಳುವವನ ಕೈಯಲ್ಲಿ ಪೆಟ್ಟು ತಿಂದವರು ಗುಡ್ಡದ ಮೇಲೆ, ತೋಟದ ಒಳಗೆ, ಕಡಲ ಕರೆಯಲ್ಲಿ ಇರುತ್ತಾರೆ. ಹೆಸರಿಡಲು ತಡವಾದ್ದಕ್ಕೆ ಇದೇ ಕಾರಣ ಇರಬಹುದು ಎಂದು ನನ್ನ ಊಹೆ.

ಮೊನಾಪಲಿ ರೋಮಿಗೆ ಹೋದಾಗ ಅಲ್ಲಿನ ಚಕ್ರವರ್ತಿ ಟೈಬೀರಿಯಸ್ ಸಭೆಯಲ್ಲಿ ಅದನ್ನು ಬಳಸುವ ಮೊದಲು ಕ್ಷಮೆ ಕೇಳಿದನಂತೆ, ಇದು ಪರಭಾಷೆಯ ಪದ ಎಂದು. ಸ್ವೆಟೋನಿಯಸ್ ಎಂಬ ಚರಿತ್ರೆಕಾರ ಇದನ್ನು ಬರೆದಿದ್ದಾನೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸುವ ನಮ್ಮ ಕಾಸರಗೋಡಿನವರು ಹಾಗೆ ಕ್ಷಮೆ ಕೇಳಲು ಹೊರಟರೆ ಮಾತೇ ಮುಗಿಯಲಿಕ್ಕಿಲ್ಲ.

ಆಲಿಗಾಪ್ಸನಿ ಅಂದರೆ?

ಒಲಿಗೊಸ್ ಅಂದರೆ ಕೆಲವು. ಕೊಳ್ಳುವವರು ನಾಲ್ಕೈದು ಜನ ಮಾತ್ರ ಇದ್ದರೆ ಆಲಿಗಾಪ್ಸನಿ. ಇಬ್ಬರೇ ಇದ್ದರೆ ಡ್ಯುಯಾಪ್ಸನಿ. ಹಾಲ್‌ವರ್ಡ್ ಅವರ ಮೀನು ಎಲ್ಲ ಕಡೆ ಈಜುತ್ತಿದೆ.

ಸಂಸ್ಕೃತಕ್ಕೋ ಕನ್ನಡಕ್ಕೋ ಇದರ ನಂಟು ಇದೆಯೇ?

ಕೊಳ್ಳುವ ತುಂಡಿಗೆ ಖಂಡಿತ ಇದೆ. ಗ್ರೀಕಿನಲ್ಲಿ ಓನೊಸ್ ಎಂದರೆ ಬೆಲೆ. ಸಂಸ್ಕೃತದಲ್ಲಿ ವಸ್ನ ಎಂದರೂ ಬೆಲೆ. ಎರಡೂ ಒಂದೇ ಬೇರಿನವು. ಋಗ್ವೇದದಲ್ಲೇ ವಸ್ನ ಬರುತ್ತದೆ, ಅದೂ ಕೊಡು ಕೊಳ್ಳುವಿಕೆಯ ಚೌಕಾಸಿಯ ನಡುವೆ. ಇಂಗ್ಲಿಷಿನ ವೆಂಡರ್ ಕೂಡ ಲ್ಯಾಟಿನ್ ದಾರಿಯಲ್ಲಿ ಬಂದ ಇದೇ ಮನೆಯ ಸಂಬಂಧಿ. ಕನ್ನಡದಲ್ಲಿ ವಸ್ನ ಬಳಕೆಯಲ್ಲಿ ಉಳಿಯಲಿಲ್ಲ.

ಮಾರುವ ತುಂಡು, ಅಂದರೆ ಮೊನಾಪಲಿಯ ಪೋಲೈನ್, ಸಂಸ್ಕೃತದ ಪಣ ಶಬ್ದದ ದೂರದ ನೆಂಟ ಎಂದು ಕೆಲವು ಭಾಷಾಪಂಡಿತರು ಹೇಳುತ್ತಾರೆ. ಎಲ್ಲರೂ ಒಪ್ಪುವ ಮಾತಲ್ಲ. ಒಪ್ಪಿದರೆ ಮಾತ್ರ ಮಜಾ ಇದೆ. ಯಾಕೆಂದರೆ ಪಣ ನಮ್ಮಲ್ಲಿ ಹಣ ಆಯಿತು. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಗುವುದು ಗೊತ್ತಲ್ಲ: ಪಾಲು ಹೋಗಿ ಹಾಲು, ಪುಲಿ ಹೋಗಿ ಹುಲಿ. ಮಲಯಾಳದಲ್ಲಿ ಈಗಲೂ ಪಣಂ, ತುಳುವಿನಲ್ಲಿ ಪಣವು. ನಮ್ಮ ಪೇಟೆಯ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಹಣ, ಪಣಂ, ಪಣವು ಮೂರೂ ಕಿವಿಗೆ ಬೀಳುತ್ತವೆ. ಭಾಷಾಶಾಸ್ತ್ರದ ಪುಸ್ತಕ ತೆರೆಯುವ ಕೆಲಸವೇ ಇಲ್ಲ.

ಕೂಲಿ, ಸಂಬಳದ ಪಾಠದಲ್ಲೂ ಈ ಪದ ಬರುತ್ತದೆ. ಮೀನಿಗೂ ಸಂಬಳಕ್ಕೂ ಏನು ಸಂಬಂಧ?

ಇದು ನನ್ನ ಇಷ್ಟದ ಪ್ರಶ್ನೆ. ಕಂಪನಿ ಒಂದೇ, ಕೆಲಸಕ್ಕೆ ಬರುವವರು ನೂರಾರು ಎಂದಾದರೆ ಆ ಕಂಪನಿ ದುಡಿಮೆಯನ್ನು ಕೊಳ್ಳುವ ಒಬ್ಬನೇ ಗಿರಾಕಿ. ಇವತ್ತು ಅರ್ಥಶಾಸ್ತ್ರದಲ್ಲಿ ಮೊನಾಪ್ಸನಿ ಹೆಚ್ಚು ಚರ್ಚೆಯಾಗುವುದು ಈ ಅರ್ಥದಲ್ಲೇ.

ಹಾಲ್‌ವರ್ಡ್ ಪದ ಕಟ್ಟುವಾಗ ಕೊಳ್ಳುವ ಕ್ರಿಯೆಗಾಗಿ ಈ ಬೇರನ್ನು ಆರಿಸಿದರು. ಆದರೆ ಅದೇ ಬೇರಿನಿಂದ ಗ್ರೀಕರು ಮೊದಲೇ ಇನ್ನೊಂದು ಪದ ಮಾಡಿಕೊಂಡಿದ್ದರು: ಒಪ್ಸೋನಿಯೊನ್. ಮೊದಲ ಅರ್ಥ, ಪದಾರ್ಥಕ್ಕೆಂದು ಕೊಡುವ ದುಡ್ಡು. ಸೈನಿಕರಿಗೆ ಧಾನ್ಯದ ಜೊತೆ ಮೇಲುಖರ್ಚಿಗೆ ಕೊಡುತ್ತಿದ್ದ ಹಣ. ಆಮೇಲೆ ಅದು ಸಂಬಳ ಎಂದೇ ಆಯಿತು. "ಪಾಪದ ಸಂಬಳ ಮರಣ" ಎಂಬ ಮಾತು ಬೈಬಲ್ಲಿನಲ್ಲಿದೆ, ರೋಮಾಪುರದವರಿಗೆ ಪೌಲ ಬರೆದ ಪತ್ರದಲ್ಲಿ. ಅಲ್ಲಿ ಸಂಬಳಕ್ಕೆ ಇರುವ ಗ್ರೀಕ್ ಪದ ಒಪ್ಸೋನಿಯ. ಅಂದರೆ ಸಂಬಳದ ಪಾಠಕ್ಕೆ ಈ ಪದ ಹೊರಗಿನಿಂದ ಬಂದದ್ದಲ್ಲ, ಹಳೆಯ ಮನೆಗೇ ವಾಪಸಾದದ್ದು.

ನಮ್ಮ ಸಂಬಳ ಎಂಬ ಪದ ತೆಗೆದುಕೊಳ್ಳಿ. ಸಂಸ್ಕೃತದ ಶಂಬಲದಿಂದ ಬಂದದ್ದು. ಶಂಬಲ ಅಂದರೆ ದಾರಿಯ ಬುತ್ತಿ. ಮಲಯಾಳದಲ್ಲೂ ಶಂಬಳಂ ಎನ್ನುತ್ತಾರೆ. ಗ್ರೀಕರಿಗೆ ಸಂಬಳ ಎಂದರೆ ಪದಾರ್ಥದ ದುಡ್ಡು, ನಮಗೆ ಬುತ್ತಿ. ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ. ದುಡಿದವನಿಗೆ ಮೊದಲು ಬೇಕಾದದ್ದು ಊಟ, ಅದಕ್ಕೆ ಎರಡೂ ಕಡೆ ಹಾಗೆ ಆಯಿತು. ರೋಮಿನ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು, ಅದಕ್ಕೇ ಸ್ಯಾಲರಿ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಪದದಲ್ಲಿ ಉಪ್ಪು ಇರುವುದು ನಿಜ. ಉಪ್ಪಿನ ಮೂಟೆ ಹೊತ್ತು ಸೈನಿಕರು ಮನೆಗೆ ಹೋದದ್ದಕ್ಕೆ ಆಧಾರ ಇಲ್ಲ.

ಕನ್ನಡದಲ್ಲಿ ಇದಕ್ಕೆ ಏನೆಂದು ಬರೆಯಬೇಕು?

ಮೊನಾಪಲಿಗೆ ಏಕಸ್ವಾಮ್ಯ ಎಂಬ ಪದ ಊರ್ಜಿತವಾಗಿದೆ. ಆದರೆ ಅದರಲ್ಲಿ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಒಬ್ಬನ ಒಡೆತನ ಎಂದಷ್ಟೇ ಇದೆ. ಹಾಗಾಗಿ ಇದರ ಜೋಡಿಗೆ "ಕೊಳ್ಳುವವರ ಏಕಸ್ವಾಮ್ಯ" ಎಂದು ಉದ್ದ ಬರೆಯಬೇಕಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ "ಒಂಟಿಕೊಳ್ಳಿ" ಎಂದು ಬರೆದಿದ್ದ. ತಪ್ಪು ಎಂದು ಗೆರೆ ಎಳೆಯಲು ಮನಸ್ಸು ಬರಲಿಲ್ಲ. ಕೊಳ್ಳುವವ ಒಬ್ಬನೇ ಆದರೆ ಬೆಳೆದವನಿಗೆ ಅದು ಕೊಳ್ಳಿಯೇ ಅಲ್ವಾ?

ನಾನು ತರಗತಿಯಲ್ಲಿ "ಒಬ್ಬನೇ ಕೊಳ್ಳುವ ಮಾರುಕಟ್ಟೆ" ಎನ್ನುತ್ತೇನೆ. ಬರೆಯುವಾಗ ಮೊನಾಪ್ಸನಿ ಎಂದೇ ಬರೆಯುತ್ತೇನೆ.

ಮಲಯಾಳ ಪತ್ರಿಕೆಯಲ್ಲಿ ಕುತ್ತಕ ಎಂದು ಬರೆಯುತ್ತಾರೆ. ಅದು ನಮ್ಮ ಗುತ್ತಿಗೆಯೇ?

ಅದೇ. ತಮಿಳಿನಲ್ಲಿ ಕುತ್ತಗೈ, ಕನ್ನಡ ತುಳುಗಳಲ್ಲಿ ಗುತ್ತಿಗೆ, ಮಲಯಾಳದಲ್ಲಿ ಕುತ್ತಕ. ಪದ ಒಂದೇ, ದಾರಿ ಬೇರೆ. ಕನ್ನಡದಲ್ಲಿ ಗುತ್ತಿಗೆ ಅಂದರೆ ಕರಾರಿನ ಕೆಲಸ, ಗೇಣಿ. ಗುತ್ತಿಗೆದಾರ ಎಂದರೆ ಕಣ್ಣ ಮುಂದೆ ಬರುವುದು ರಸ್ತೆ ಡಾಮರು ಹಾಕಿಸುವವ. ಮಲಯಾಳದಲ್ಲಿ ಕುತ್ತಕ ಅಂದರೆ ನೇರ ಮೊನಾಪಲಿ. ಹಿಂದೆ ಒಂದು ವಸ್ತುವಿನ ವ್ಯಾಪಾರವನ್ನೇ ಸರ್ಕಾರ ಒಬ್ಬನಿಗೆ ಗುತ್ತಿಗೆ ಕೊಡುತ್ತಿತ್ತು. ಗುತ್ತಿಗೆ ಹಿಡಿದವನನ್ನು ಬಿಟ್ಟು ಬೇರೆಯವರು ಆ ವ್ಯಾಪಾರಕ್ಕೆ ಕೈ ಹಾಕುವ ಹಾಗಿಲ್ಲ. ಅರ್ಥ ಅಲ್ಲಿಂದ ಇಲ್ಲಿಗೆ ಜಾರಿದ್ದು ಸಹಜ. ನಮ್ಮ ಮಕ್ಕಳು ಗೋಡೆ ಬರಹದ "ಕುತ್ತಕ ಮುದಲಾಳಿ"ಯನ್ನು "ಗುತ್ತಿಗೆಯ ಧಣಿ" ಎಂದು ಓದಿಕೊಂಡು, ಈ ಪಾಪದ ಕಂಟ್ರಾಕ್ಟರನ ಮೇಲೆ ಯಾಕಿಷ್ಟು ಸಿಟ್ಟು ಎಂದು ಕೇಳುತ್ತಾರೆ.

ಹಾಗೆ ನೋಡಿದರೆ ಮಲೆಯಾಳದ ಕರಾವಳಿಯಲ್ಲಿ ಕೊಳ್ಳುವ ಕುತ್ತಕವೂ ಹಳೆಯದೇ. 1663ರಲ್ಲಿ ಡಚ್ಚರು ಕೊಚ್ಚಿಯ ರಾಜನ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಕರಿಮೆಣಸು ಕೊಳ್ಳುವ ಹಕ್ಕು ತಮಗೆ ಮಾತ್ರ ಎಂದು ಬರೆಸಿಕೊಂಡರು. ಬೆಳೆಯುವವರು ಸಾವಿರಾರು, ಕೊಳ್ಳುವ ಕಂಪನಿ ಒಂದು.

ನಮ್ಮ ಊರಿನಲ್ಲಿ ಈಗಿನ ಕಾಲದ ಉದಾಹರಣೆ?

ಮೊದಲು ನಮ್ಮ ಮನೆಯದ್ದೇ ಹೇಳುತ್ತೇನೆ. ಅಪ್ಪನಿಗೆ ಒಂದು ಎಕ್ರೆಗಿಂತ ಕಡಿಮೆ ಅಡಿಕೆ ತೋಟ. ಮಳೆಗಾಲದ ಆಟಿ ತಿಂಗಳಲ್ಲಿ ಕೈ ಖಾಲಿ. ಪೇಟೆಯ ಒಂದು ಅಂಗಡಿಯಿಂದ ಅಕ್ಕಿ, ಬೆಲ್ಲ, ಸೀಮೆಎಣ್ಣೆ ಸಾಲಕ್ಕೆ ಬರುತ್ತಿತ್ತು. ಅಂಗಡಿಯವರು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬಾಯಲ್ಲಿ ಯಾರೂ ಹೇಳದ ಒಂದು ಕರಾರು ಇತ್ತು: ಅಡಿಕೆ ಒಣಗಿ ಸುಲಿದಾದ ಮೇಲೆ ಗೋಣಿ ಆ ಅಂಗಡಿಗೇ ಬರಬೇಕು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವರು ಗೋಣಿಯ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದರು. ತಳದಿಂದ ಒಂದು ಮುಷ್ಟಿ ಚಾಲಿ ತೆಗೆದರು. ಅಡಕತ್ತರಿಯಲ್ಲಿ ಒಂದನ್ನು ಸೀಳಿ ಒಳಗಿನ ಬಿಳಿ ನೋಡಿದರು, ಮತ್ತೊಂದು ಸೀಳಿದರು. "ಪಟೋರ ಜಾಸ್ತಿ ಉಂಟಲ್ಲ" ಎಂದರು. ಪಟೋರ ಅಂದರೆ ಕೆಳದರ್ಜೆಯ ಅಡಿಕೆ. ಅಪ್ಪ ಅದನ್ನು ಮೂರು ರಾತ್ರಿ ಕೂತು ಆರಿಸಿದ್ದು ನಾನು ನೋಡಿದ್ದೆ. ಅಪ್ಪ ಏನೂ ಹೇಳಲಿಲ್ಲ. ಎದುರಿನ ಅಂಗಡಿಯಲ್ಲಿ ಕಿಲೋಗೆ ಎರಡು ರೂಪಾಯಿ ಹೆಚ್ಚಿತ್ತು, ಅದು ಅಪ್ಪನಿಗೂ ಗೊತ್ತು, ಅಂಗಡಿಯವರಿಗೂ ಗೊತ್ತು. ಪೇಟೆಯಲ್ಲಿ ಕೊಳ್ಳುವವರು ಆರು ಜನ ಇದ್ದರು. ಕೆಂಪು ಪುಸ್ತಕದಿಂದಾಗಿ ಅಪ್ಪನಿಗೆ ಇದ್ದದ್ದು ಒಬ್ಬನೇ.

ಅದಕ್ಕೇ ಮಕ್ಕಳಿಗೆ ಹೇಳುವುದು: ಎಣಿಸುವಾಗ ಪೇಟೆಯಲ್ಲಿ ಅಂಗಡಿ ಎಷ್ಟು ಎಂದು ನೋಡಬೇಡಿ. ಮಾರುವವನು ಎಷ್ಟು ಅಂಗಡಿಯ ಮೆಟ್ಟಿಲು ಹತ್ತಬಹುದು ಎಂದು ನೋಡಿ.

ಎರಡನೆಯದು ಕೊಕ್ಕೋ. 1970ರ ದಶಕದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೋ ನೆಡಲು ಎಲ್ಲರಿಗೂ ಉತ್ಸಾಹ. ಬೀಜ ಕೊಳ್ಳಲು ಹೆಚ್ಚು ಕಡಿಮೆ ಒಂದೇ ದೊಡ್ಡ ಕಂಪನಿ. ಕೊಕ್ಕೋದ ಹಸಿ ಬೀಜ ಅಡಿಕೆಯ ಹಾಗಲ್ಲ. ಅಡಿಕೆಯನ್ನು ಅಟ್ಟದಲ್ಲಿ ಒಂದು ವರ್ಷ ಇಟ್ಟು ಬೆಲೆ ಕಾಯಬಹುದು. ಹಸಿ ಕೊಕ್ಕೋ ಕಾಯುವುದಿಲ್ಲ, ಚೇಚಿಯ ಭೂತಾಯಿಯ ಜಾತಿ. 1980ರ ಹೊತ್ತಿಗೆ ಲೋಕದ ಪೇಟೆಯಲ್ಲಿ ಬೆಲೆ ಬಿತ್ತು, ಖರೀದಿ ಕುಗ್ಗಿತು. ಬೆಳೆದವರು ಎಲ್ಲಿಗೆ ಹೋಗಬೇಕು? ಸಿಟ್ಟಿನಲ್ಲಿ ಗಿಡ ಕಡಿದವರಿದ್ದಾರೆ.

ಹಾಗಾದರೆ ಕ್ಯಾಂಪ್ಕೊ ಕೂಡ ಮೊನಾಪ್ಸನಿಯಾ?

ಅಲ್ಲ, ಅದಕ್ಕೆ ಮದ್ದಾಗಿ ಬಂದದ್ದು. ಅಡಿಕೆ ಬೆಲೆ ನೆಲ ಕಚ್ಚಿದ ಕಾಲದಲ್ಲಿ, 1973ರ ಜುಲೈಯಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಈ ಸಹಕಾರಿ ಸಂಸ್ಥೆ ಶುರುವಾಯಿತು. ಮುಂದೆ ನಿಂತವರು ವಾರಣಾಶಿ ಸುಬ್ರಾಯ ಭಟ್. ಕೊಕ್ಕೋ ಬೆಲೆ ಬಿದ್ದಾಗ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಎರಡನೆಯ ಗಿರಾಕಿ ಒಬ್ಬ ಬಂದು ನಿಂತರೆ ಸಾಕು, ಮೊದಲಿನವನ ಅಡಕತ್ತರಿಯ ದನಿ ಬದಲಾಗುತ್ತದೆ. ಕ್ಯಾಂಪ್ಕೊ ಇವತ್ತು ಎಷ್ಟಕ್ಕೆ ಕೊಳ್ಳುತ್ತದೆ ಎಂದು ಕೇಳಿಕೊಂಡೇ ನಮ್ಮವರು ಖಾಸಗಿ ಅಂಗಡಿಗೆ ಹೋಗುವುದು.

ದುಡಿಮೆಯ ಕಡೆ ಇಂಥದ್ದೇ ಕತೆ ಬೀಡಿಯದ್ದು. ಬೀಡಿ ಕಾರ್ಮಿಕರ ರಕ್ಷಣೆಗೆ 1966ರಲ್ಲಿ ಕೇಂದ್ರದ ಕಾಯಿದೆ ಬಂತು. ಅದನ್ನು ಜಾರಿ ಮಾಡುವ ಹೊತ್ತಿಗೆ ಖಾಸಗಿ ಮಾಲೀಕರು ಬಾಗಿಲು ಹಾಕಿದರು. ಕೆಲಸ ಹೋದವರು ಸೇರಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಕಾಸರಗೋಡು ಆಗ ಬೇರೆ ಜಿಲ್ಲೆ ಆಗಿರಲಿಲ್ಲ, ಕಣ್ಣೂರಿನ ಭಾಗವೇ. ನಮ್ಮದು ಜಿಲ್ಲೆ ಆದದ್ದು 1984ರ ಮೇ ತಿಂಗಳಲ್ಲಿ.

ಲೆಕ್ಕ ಹಾಕಿ ತೋರಿಸುತ್ತೀರಾ? ಪರೀಕ್ಷೆಗೆ ಬೇಕು.

ಒಂದು ಊರಿನಲ್ಲಿ ಒಂದೇ ದೊಡ್ಡ ತೋಟ ಎಂದಿಟ್ಟುಕೊಳ್ಳಿ. ದಿನಕ್ಕೆ 600 ರೂಪಾಯಿಗೆ 10 ಜನ ಬರುತ್ತಾರೆ. ಒಟ್ಟು ಕೂಲಿ 6,000. ಹನ್ನೊಂದನೆಯವ ದೂರದಿಂದ ಬರಬೇಕು, 620 ಕೊಟ್ಟರೆ ಮಾತ್ರ ಬರುತ್ತಾನೆ. ಅವನೊಬ್ಬನಿಗೆ 620 ಕೊಟ್ಟು ಉಳಿದವರಿಗೆ 600 ಕೊಟ್ಟರೆ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಗಲಾಟೆ ಖಂಡಿತ. ಎಲ್ಲರಿಗೂ 620 ಕೊಡಬೇಕು. ಆಗ ಒಟ್ಟು 6,820. ಅಂದರೆ 620ರ ಕೂಲಿಯವನು ಧಣಿಗೆ ಬೀಳುವುದು 820ಕ್ಕೆ.

ಅವನ ಒಂದು ದಿನದ ಕೆಲಸದಿಂದ ತೋಟಕ್ಕೆ 750 ರೂಪಾಯಿ ಹುಟ್ಟುತ್ತದೆ ಎನ್ನೋಣ. ಕೊಳ್ಳುವವರು ತುಂಬ ಇದ್ದಲ್ಲಿ ಅವನಿಗೆ ಕೆಲಸ ಸಿಗುತ್ತಿತ್ತು. ಇಲ್ಲಿ ಧಣಿ ಬೇಡ ಎನ್ನುತ್ತಾನೆ. ಕೂಲಿಯೂ ಕಡಿಮೆ, ಕೆಲಸವೂ ಕಡಿಮೆ. ಜೋನ್ ರಾಬಿನ್ಸನ್ ತೋರಿಸಿದ್ದು ಇದನ್ನೇ.

ಈಗ ಸರ್ಕಾರ 650 ರೂಪಾಯಿ ಕನಿಷ್ಠ ಕೂಲಿ ಎಂದು ಗೊತ್ತು ಮಾಡಿತು ಅನ್ನಿ. ಹತ್ತು ಜನರಿಗೂ ಹೇಗೂ 650 ಕೊಡಲೇಬೇಕು. ಹನ್ನೊಂದನೆಯವನೂ 650ಕ್ಕೇ ಸಿಗುತ್ತಾನೆ. ಅವನಿಂದ 750 ಹುಟ್ಟುವುದರಿಂದ ಧಣಿ ಸೇರಿಸಿಕೊಳ್ಳುತ್ತಾನೆ. ಕೂಲಿ ಹೆಚ್ಚಿಸಿದರೆ ಕೆಲಸ ಹೋಗುತ್ತದೆ ಎಂಬ ಮಾತು ಎಲ್ಲ ಕಡೆ ನಿಲ್ಲುವುದಿಲ್ಲ ಎಂಬುದು ಇಲ್ಲಿ ಕಾಣುತ್ತದೆ. ಹಾಗೆಂದು 800 ಮಾಡಿದರೆ ಹನ್ನೊಂದನೆಯವ ಮತ್ತೆ ಮನೆಗೆ, ಅದೂ ನೆನಪಿರಲಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಫಾಸ್ಟ್‌ಫುಡ್ ಹೋಟೆಲುಗಳ ಲೆಕ್ಕ ತೆಗೆದು ನೋಡಿದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಆ ಮೇಲೆ ಮೊನಾಪ್ಸನಿಗೆ ಮತ್ತೆ ಜೀವ ಬಂತು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಪದ ತಂದ ರಾಬಿನ್ಸನ್ ಅವರಿಗೆ ಸಿಗಲೇ ಇಲ್ಲ. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ರಾಬಿನ್ಸನ್ ಕೇರಳಕ್ಕೆ ಬಂದಿದ್ದರಂತೆ, ಹೌದಾ?

ಹೌದು. 1920ರ ದಶಕದಲ್ಲಿ ಗಂಡನ ಜೊತೆ ಗ್ವಾಲಿಯರಿನಲ್ಲಿ ಎರಡು ವರ್ಷ ಇದ್ದರು. ಗಂಡ ಅಲ್ಲಿನ ಎಳೆಯ ಮಹಾರಾಜನಿಗೆ ಪಾಠ ಹೇಳುತ್ತಿದ್ದರು. ವಯಸ್ಸಾದ ಮೇಲೆ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರಕ್ಕೆ ಮತ್ತೆ ಮತ್ತೆ ಬಂದರು. 1983ರಲ್ಲಿ ತೀರಿಕೊಂಡರು.

ಜೀವಶಾಸ್ತ್ರದಲ್ಲಿ ಒಪ್ಸೊನಿನ್ ಎಂದು ಓದಿದ್ದೇವೆ. ಅದಕ್ಕೂ ಇದಕ್ಕೂ?

ಅಕ್ಕ ತಂಗಿ. ಕ್ರಿಮಿಗಳಿಗೆ ಅಂಟಿಕೊಂಡು ಬಿಳಿ ರಕ್ತಕಣಗಳು ಅವನ್ನು ಸುಲಭವಾಗಿ ನುಂಗುವಂತೆ ಮಾಡುವ ವಸ್ತು ಅದು. 1903ರಲ್ಲಿ ಆಲ್ಮ್ರಾತ್ ರೈಟ್ ಹೆಸರಿಟ್ಟದ್ದು. ಕ್ರಿಮಿಗೆ ಮಸಾಲೆ ಹಚ್ಚಿ ಪದಾರ್ಥ ಮಾಡಿ ಬಡಿಸುವುದು ಎಂದು ಭಾವ.

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಈ ಪದ ಬಳಸಬಹುದಾ?

ಹವ್ಯಕರ ಹುಡುಗಿಯೊಬ್ಬಳು ನಗುತ್ತಾ ಕೇಳಿದ್ದು. ಧಾರಾಳ ಬಳಸಬಹುದು. ಪ್ಲೇಟೊ ಬರೆದ ಒಂದು ಸಂವಾದದಲ್ಲಿ ಸಾಕ್ರಟಿಸ್ ಒಂದು ಆದರ್ಶ ಊರಿನ ಊಟ ವರ್ಣಿಸುತ್ತಾನೆ. ಬಾರ್ಲಿ ರೊಟ್ಟಿ, ಗೋಧಿ ರೊಟ್ಟಿ, ಎಲೆಯ ಮೇಲೆ ಬಡಿಸಿದ್ದು. ಗ್ಲೌಕೊನ್ ಎಂಬವ ನಡುವೆ ಬಾಯಿ ಹಾಕುತ್ತಾನೆ: ಒಪ್ಸೊನ್ ಇಲ್ಲದೆ ಉಣ್ಣಿಸುತ್ತೀಯಲ್ಲ! ಹೌದಲ್ಲ, ಮರೆತೆ ಎಂದು ಸಾಕ್ರಟಿಸ್ ಪಟ್ಟಿ ಕೊಡುತ್ತಾನೆ. ಉಪ್ಪು, ಆಲಿವ್, ಗಿಣ್ಣು, ಬೇಯಿಸಿದ ಗಡ್ಡೆ, ಸೊಪ್ಪು. ಆಮೇಲೆ ಬಾಯಾಡಿಸಲು ಅಂಜೂರ, ಕಡಲೆ. ಮೀನಿನ ಸುದ್ದಿಯೇ ಇಲ್ಲ. ಇದನ್ನು ಕೇಳಿ ಗ್ಲೌಕೊನ್, ಹಂದಿಗಳ ಊರು ಕಟ್ಟಿದರೂ ಇದನ್ನೇ ಹಾಕುತ್ತಿದ್ದೆ ನೀನು ಎಂದು ಗೊಣಗಿದ.

ಆ ಹುಡುಗಿ ಮನೆಗೆ ಹೋಗಿ ಅಜ್ಜಿಗೆ ಈ ಪಟ್ಟಿ ಓದಿ ಹೇಳಿದಳಂತೆ. "ಎಲ್ಲ ಸರಿ, ಮಜ್ಜಿಗೆ ಎಲ್ಲಿ?" ಎಂದು ಅಜ್ಜಿ ಕೇಳಿದರಂತೆ.